ತೊಳೆಯದ ಬಟ್ಟಲು

ಒಂಬತ್ತು ವರ್ಷದಿಂದ ನಾವು ನಮ್ಮ ಮನೆಗೆ ಕಿಟಕಿಯಿಂದಲೇ ಹೋಗಿಬರುತ್ತಿದ್ದೆವು. ಅಪ್ಪ ಸರಳು ಬಿಚ್ಚಿಸಿ, ಒಳಗೊಂದು ಹೊರಗೊಂದು ಮೆಟ್ಟಿಲು ಇಡಿಸಿದ್ದ. ತರಕಾರಿ ಬುಟ್ಟಿ, ನೀರಿನ ಕೊಡ, ಬಂದ ನೆಂಟರು, ಎಲ್ಲವೂ ಅದರೊಳಗಿಂದಲೇ. ಸೀರೆಯುಟ್ಟವರು ಕಿಟಕಿ ದಾಟುವುದಕ್ಕೂ ಒಂದು ಹದವಿದೆ: ಮೊದಲು ಎಡಗಾಲು, ಆಮೇಲೆ ನೆರಿಗೆ, ಕೊನೆಗೆ ತಲೆ. ನಮ್ಮಮ್ಮ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ ಸೊಂಟದಲ್ಲಿ ತುಂಬಿದ ಕೊಡ ಇದ್ದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಬಾಗಿಲಿನಲ್ಲಿ ಅಮ್ಮನ ಬಿಗಿ ಬೆಳೆದು ನಿಂತಿತ್ತು, ಅದಕ್ಕೆ.

ನಮ್ಮೂರಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯ ದಿನ ಇಬ್ಬರ ಹೊಸ್ತಿಲಲ್ಲೂ ಬಿಗಿ ಏಳುತ್ತದೆ. ಮೊದಲು ಸಾಸಿವೆ ಕಾಳಿನಷ್ಟು, ವಾರಕ್ಕೆ ನಿಂಬೆಹಣ್ಣಿನಷ್ಟು. ಒಬ್ಬರದು ಕಲ್ಲುಸಕ್ಕರೆಯ ಹಾಗೆ ಮೂಲೆಮೂಲೆಯಾಗಿ, ಒಬ್ಬರದು ಪಟಿಕದ ಹಾಗೆ ತಿಳಿಯಾಗಿ, ಇನ್ನೊಬ್ಬರದು ಸೂಜಿಗಳನ್ನು ಕಂತೆ ಕಟ್ಟಿದ ಹಾಗೆ. ಯಾವ ಸುತ್ತಿಗೆಗೂ ಅದು ಒಡೆಯುವುದಿಲ್ಲ. ಚಾಕುವಿನಿಂದ ಕೆರೆದರೆ ಒಂದು ಚಿಟಿಕೆ ಪುಡಿ ಉದುರುತ್ತದೆ, ಅಷ್ಟೆ. ಕಾಯಿಸಿದರೆ ಮಾತ್ರ ಕರಗುತ್ತದೆ, ಕರಗಿ ಹರಿದುಹೋಯಿತೆಂದರೆ ಆ ಇಬ್ಬರಿಗೂ ಮಾತು ತಾನಾಗಿಯೇ ಬರುತ್ತದೆ. ಆದರೆ ಕಡಿಮೆ ಕಾಯಿಸಿ ಅರ್ಧಕ್ಕೆ ಬಿಟ್ಟ ಬಿಗಿ ಮರುದಿನ ಎರಡು ಪಟ್ಟಾಗಿರುತ್ತದೆ. ಹಾಗಾಗಿ ಯಾರದು ಎಷ್ಟು ಡಿಗ್ರಿಗೆ ಕರಗುತ್ತದೆಂದು ಮೊದಲೇ ತಿಳಿಯಬೇಕು. ಅದಕ್ಕೇ ಊರಿಗೊಂದು ಅಳತೆ ಮನೆ. ಬೇಲಿಯ ವಿಷಯಕ್ಕೆ ಮಾತು ಬಿಟ್ಟ ನೆರೆಹೊರೆಯವರದಾದರೆ ಐವತ್ತು ಡಿಗ್ರಿ, ಹಂಡೆಯ ನೀರು ಸಾಕು. ಅಪ್ಪ ಮಗನದಾದರೆ ನೂರಹತ್ತು, ಹುರಿದ ಮರಳು ಸುರಿಯಬೇಕು. ಇನ್ನೂರು ದಾಟಿದರೆ ಅಕ್ಕಸಾಲಿಗರ ಊದುಗೊಳವೆ. ವರ್ಷ ಕಳೆದಷ್ಟೂ ಡಿಗ್ರಿ ಏರುತ್ತದೆ. ಹೊಸ್ತಿಲಲ್ಲಿ ನಿಂತದ್ದನ್ನು ಕಾಯಿಸಬೇಕಾದವರು ಅವರವರೇ; ಬೇರೆಯವರು ಸುರಿದ ಬಿಸಿನೀರು ಅದರ ಮೇಲೆ ತಣ್ಣಗೆ ಜಾರಿಹೋಗುತ್ತದೆ.

ಅಳತೆ ಮನೆಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ, ಪರಮೇಶಪ್ಪ ಮೇಷ್ಟರು ಮತ್ತು ನಾನು. ಮೇಷ್ಟರ ಎರಡು ಕಣ್ಣಿಗೂ ಪೊರೆ ಬಂದ ಮೇಲೆ ನೋಡುವ ಕೆಲಸ ನನ್ನದು, ಬೈಯುವ ಕೆಲಸ ಅವರದು. ಉಪಕರಣ ಅಂದರೆ ದೊಡ್ಡದೇನಲ್ಲ. ಪಕ್ಕಕ್ಕೊಂದು ಕಿವಿ ಮೂಡಿದ ಹಾಗೆ ಬಾಗಿದ ತೋಳಿರುವ ಗಾಜಿನ ಕೊಳವೆ, ಅದರ ತುಂಬ ಎಣ್ಣೆ. ಆ ಕಿವಿಯ ಕೆಳಗೆ ಸ್ಪಿರಿಟ್ ದೀಪ ಹಿಡಿದರೆ ಎಣ್ಣೆ ಕಾದು ಮೇಲೇರಿ, ಸುತ್ತಿಕೊಂಡು ಬಂದು, ಎಲ್ಲ ಕಡೆ ಒಂದೇ ಸಮ ಬಿಸಿಯಾಗುತ್ತದೆ. ಎಣ್ಣೆಯ ನಡುವೆ ಥರ್ಮಾಮೀಟರು. ಅದರ ಬುಡಕ್ಕೆ ರಬ್ಬರಿನ ಬಳೆಯಿಂದ ಕಟ್ಟಿದ ಒಂದು ಸಣ್ಣ ನಳಿಕೆ, ಹೊಲಿಗೆ ಸೂಜಿಯಷ್ಟು ದಪ್ಪ, ಒಂದು ತುದಿ ದೀಪದ ಉರಿಗೆ ಹಿಡಿದು ಮುಚ್ಚಿದ್ದು. ಪಿಂಗಾಣಿ ಬಟ್ಟಲಿನಲ್ಲಿ ನುಣ್ಣಗೆ ಅರೆದ ಬಿಗಿಯ ಪುಡಿಯನ್ನು ಆ ನಳಿಕೆಗೆ ತುಂಬಿ, ಭೂತಗನ್ನಡಿ ಹಿಡಿದು ಕೂತರೆ, ಬಿಳಿ ಪುಡಿ ಇದ್ದಕ್ಕಿದ್ದಂತೆ ಬೆವರಿ, ಕುಸಿದು, ನೀರಿನ ಹಾಗೆ ತಿಳಿಯಾಗುವ ಗಳಿಗೆ ಕಾಣುತ್ತದೆ. ಆಗ ಪಾದರಸ ಎಲ್ಲಿ ನಿಂತಿದೆಯೋ ಅದೇ ಡಿಗ್ರಿ. ನನಗೆ ಆ ಗಳಿಗೆಯೆಂದರೆ ಪ್ರಾಣ. ಅಜ್ಜಿಯ ಕಥೆಗಳಲ್ಲಿ ಕಪ್ಪೆ ರಾಜಕುಮಾರನಾಗುವುದು ಇಷ್ಟೇ ಹೊತ್ತಿನಲ್ಲಿರಬೇಕು ಅಂದುಕೊಳ್ಳುತ್ತಿದ್ದೆ.

ಅಳತೆ ಮನೆಯ ಮೊದಲ ನೇಮವೆಂದರೆ ಒಬ್ಬರ ಪುಡಿ ಅರೆದ ಬಟ್ಟಲನ್ನು ಮೂರು ನೀರಿನಲ್ಲಿ ತೊಳೆದೇ ಇನ್ನೊಬ್ಬರದನ್ನು ಅರೆಯಬೇಕು. ಅದೇ ನೇಮ ಬೀದಿಯಲ್ಲೂ ಇತ್ತು. ಮಾತು ಬಿಟ್ಟ ಇಬ್ಬರ ಹೊಸ್ತಿಲು ಹತ್ತಿರವಿದ್ದರೆ ಪಂಚಾಯ್ತಿಯವರು ಬಂದು ನಡುವೆ ಹಲಸಿನ ಹಲಗೆ ನಿಲ್ಲಿಸಿ ಹೋಗುತ್ತಿದ್ದರು. ಬಿಗಿಗೆ ಬಿಗಿ ತಾಕಬಾರದು. ತಾಕಿದರೆ ಎರಡೂ ಒಂದಾಗಿ ಬೆಟ್ಟವಾಗಿ ಊರನ್ನೇ ನುಂಗುತ್ತವೆ, ಎರಡನ್ನೂ ಒಟ್ಟಿಗೆ ಮುಟ್ಟಿದವರ ನಾಲಿಗೆ ಕಲ್ಲಾಗುತ್ತದೆ ಎಂದು ಅಜ್ಜಿ ಹೇಳಿದ ಕಥೆ ಕೇಳಿಯೇ ನಾವೆಲ್ಲ ಬೆಳೆದದ್ದು.

ನಮ್ಮ ಮನೆಯಲ್ಲಿ ಅಂಥ ಹಲಗೆಗಳು ಮೂರಿದ್ದವು, ಒಂದರ ಮೇಲೊಂದು. ನಮ್ಮದೂ ದೊಡ್ಡಪ್ಪನದೂ ಒಂದೇ ಸೂರು. ನಡುವೆ ಬೀದಿಯಿಂದ ಹಿತ್ತಿಲವರೆಗೆ ಒಂದು ಓಣಿ, ಓಣಿಯ ಎರಡು ಮಗ್ಗುಲಿಗೆ ಎದುರುಬದುರು ಎರಡು ಬಾಗಿಲು, ಕೊನೆಯಲ್ಲಿ ಅಜ್ಜಿಯ ಮಂಚ. ಈ ಕಡೆಯಿಂದ ನನ್ನಮ್ಮ ಪುಟ್ಟಗೌರಿಯ ಬಿಗಿ, ಸೂಜಿ ಸೂಜಿಯಾಗಿ. ಆ ಕಡೆಯಿಂದ ದೊಡ್ಡಮ್ಮ ಚೆನ್ನಾಜಮ್ಮನದು, ಪಟಿಕದಂತೆ ದಪ್ಪ ಹಳಕು. ಎರಡೂ ಹಲಗೆಗೆ ಎದೆಕೊಟ್ಟು ನಿಂತಿದ್ದವು. ಅಪ್ಪ ದೊಡ್ಡಪ್ಪ ದಿನಾ ಮಾತಾಡುತ್ತಿದ್ದರು, ಒಂದೇ ಬೀಡಿಯಲ್ಲಿ ಎರಡು ದಮ್ಮು ಎಳೆಯುತ್ತಿದ್ದರು. ಮಾತು ಬಿಟ್ಟದ್ದು ಓರಗಿತ್ತಿಯರು ಮಾತ್ರ.

ಕಾರಣ ನಾನು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟಿದ್ದು ಈ ಬಾಗಿಲಲ್ಲಿ, ಉಂಡದ್ದು, ಮಲಗಿದ್ದು, ತಲೆ ಬಾಚಿಸಿಕೊಂಡದ್ದು ಹೆಚ್ಚಾಗಿ ಆ ಬಾಗಿಲಲ್ಲಿ. ನನಗೆ ಹನ್ನೊಂದು ವರ್ಷವಿದ್ದಾಗ ಜ್ವರ ಏರಿ ದೊಡ್ಡಮ್ಮನ ತೊಡೆಯ ಮೇಲೆ ಮಲಗಿದ್ದೆ. ದೊಡ್ಡಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅಮ್ಮ ಬಂದು ನನ್ನನ್ನು ಎತ್ತಿಕೊಂಡು, "ಕೊಡಕ್ಕ ಇಲ್ಲಿ. ಹೆತ್ತೋಳಿಗೆ ಗೊತ್ತಾಗುತ್ತೆ ಏನು ಮಾಡ್ಬೇಕು ಅಂತ" ಅಂದುಬಿಟ್ಟಳು. ಅಷ್ಟೇ ಮಾತು. ದೊಡ್ಡಮ್ಮ ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿ, ತಟ್ಟೆಯಲ್ಲಿಟ್ಟು ಒಳಗೆ ಹೋದಳು. ಮೂರನೆಯ ದಿನ ಎರಡೂ ಹೊಸ್ತಿಲಲ್ಲಿ ಸಾಸಿವೆಯಷ್ಟು ಬಿಳಿ ಎದ್ದಿತ್ತು. ಮೊದಲ ವರ್ಷ ಅಳೆಸಿದಾಗ ಅಮ್ಮನದು ಎಪ್ಪತ್ತು, ದೊಡ್ಡಮ್ಮನದು ಎಪ್ಪತ್ತೆರಡು. ಎರಡು ಹಂಡೆ ನೀರು ಸಾಕಿತ್ತು. "ಅವಳು ಮೊದಲು ಸುರೀಲಿ" ಅಂದಳು ಅಮ್ಮ. "ಅವಳೇ ತಾನೇ ಎಲ್ಲಾ ಗೊತ್ತಿರೋಳು, ಸುರ್ಕೊಳ್ಲಿ" ಅಂದಳು ದೊಡ್ಡಮ್ಮ. ಹಂಡೆಯ ನೀರು ಆರಿತು.

ಈಗ ಬಿಗಿ ಬಾಗಿಲಿನ ಮೇಲಿನ ಪಟ್ಟಿಗೆ ನಾಲ್ಕು ಬೆರಳು ಬಾಕಿಯಿತ್ತು. ಪಟ್ಟಿ ಮುಟ್ಟುವ ಹಂತಕ್ಕೆ ಬಂದರೆ ಪಂಚಾಯ್ತಿಯವರು ಮನೆಯನ್ನು ಇಟ್ಟಿಗೆಯಿಂದ ಮುಚ್ಚಿಸಿ, ಒಬ್ಬರನ್ನು ಊರಿನ ಮೂಡಲ ತುದಿಗೆ, ಇನ್ನೊಬ್ಬರನ್ನು ಪಡುವಲ ತುದಿಗೆ ಕಳಿಸುತ್ತಾರೆ. ಹಾಗೆ ಹೋದವರ ಮಾತು ಮತ್ತೆ ಕೂಡಿದ್ದು ಯಾರಿಗೂ ಗೊತ್ತಿಲ್ಲ. ಗಾರೆ ಕೆಲಸದ ದ್ಯಾವಣ್ಣ ಸೋಮವಾರ ದಾರ ಹಿಡಿದು ಅಳತೆ ತೆಗೆದುಕೊಂಡು, "ಗುರುವಾರ ಬೆಳಿಗ್ಗೆ ಬರ್ತೀನಿ ಕಣಮ್ಮ, ಪಾತ್ರೆಪಡಗ ಕಟ್ಟಿಟ್ಕೊಳಿ" ಎಂದು ಹೇಳಿ ಹೋದ. ಅಜ್ಜಿ ಮಂಚದಿಂದಲೇ ಕೇಳಿದಳು, "ನನ್ನನ್ನ ಯಾವ ದಿಕ್ಕಿಗೆ ಹಾಕ್ತೀಯೋ ದ್ಯಾವಣ್ಣ?" ಅವನು ದಾರ ಸುತ್ತುತ್ತಾ, "ಅದು ನನ್ನ ಕೈಲಿಲ್ಲಜ್ಜಿ" ಅಂದ.

ಮುಚ್ಚುವ ಮುಂಚೆ ಕೊನೆಯ ಅಳತೆಯೊಂದನ್ನು ಮಾಡಿ ಪುಸ್ತಕದಲ್ಲಿ ಬರೆಯಬೇಕು. ಮಂಗಳವಾರ ಎರಡು ಪೊಟ್ಟಣ ಬಂದವು. ಅಮ್ಮನದನ್ನು ಅರೆದು ಕಾಯಿಸಿದೆ. ಮುನ್ನೂರರ ಗೆರೆಯ ಹತ್ತಿರ ಎಣ್ಣೆ ಹೊಗೆಯಾಡತೊಡಗಿತು. ಪುಡಿ ಪುಡಿಯಾಗಿಯೇ ಇತ್ತು. ಅದರಾಚೆ ಕಾಯಿಸಿದರೆ ಎಣ್ಣೆ ಹೊತ್ತಿಕೊಳ್ಳುತ್ತದೆ. "ಕರಗದು ಅಂತ ಬರಿ" ಅಂದರು ಮೇಷ್ಟರು. ಬರೆದೆ. ಎಣ್ಣೆ ಆರುವವರೆಗೆ ಕಿಟಕಿಯಲ್ಲಿ ನಿಂತೆ. ನಾಳಿದ್ದಿನಿಂದ ದೊಡ್ಡಮ್ಮನ ಮನೆಗೆ ಊರು ದಾಟಿ ನಡೆಯಬೇಕು, ಹೋದರೆ ಅಮ್ಮನ ಮುಖ ಹೇಗಾಗುತ್ತದೆ, ಹೋಗದಿದ್ದರೆ ದೊಡ್ಡಮ್ಮನ ಮುಖ ಹೇಗಾಗುತ್ತದೆ ಎಂದು ಯೋಚಿಸುತ್ತಲೇ ಬಂದು ಕೂತು, ದೊಡ್ಡಮ್ಮನ ಪೊಟ್ಟಣ ಬಿಚ್ಚಿ ಬಟ್ಟಲಿಗೆ ಸುರಿದು ಅರೆದೆ. ನಳಿಕೆಗೆ ತುಂಬಿದೆ, ಕಟ್ಟಿದೆ, ಇಳಿಬಿಟ್ಟೆ, ದೀಪ ಹಚ್ಚಿದೆ. ಇನ್ನು ಮುನ್ನೂರಕ್ಕೆ ಗಂಟೆ ಹಿಡಿಯುತ್ತದೆಂದು ಪುಸ್ತಕದಲ್ಲಿ ಹೆಸರು ಬರೆಯಲು ತಿರುಗಿದೆ.

ಮತ್ತೆ ನೋಡುವಾಗ ನಳಿಕೆಯಲ್ಲಿ ಪುಡಿ ಇರಲಿಲ್ಲ. ನೀರಿನಂಥ ಒಂದು ತಿಳಿ ಗೆರೆ ನಿಂತಿತ್ತು. ಪಾದರಸ ಇನ್ನೂ ನಲವತ್ತನ್ನೇ ದಾಟಿರಲಿಲ್ಲ.

ನಳಿಕೆ ಒಡೆದು ಎಣ್ಣೆ ನುಗ್ಗಿದೆ ಅಂದುಕೊಂಡೆ. ತೆಗೆದು ನೋಡಿದರೆ ತುದಿ ಭದ್ರವಾಗಿತ್ತು. ಮತ್ತೊಂದು ನಳಿಕೆ ತುಂಬಿ, ಎಣ್ಣೆ ಪೂರ್ತಿ ಆರಿಸಿ, ದೀಪವನ್ನು ದೂರ ಹಿಡಿದು, ರೆಪ್ಪೆ ಬಡಿಯದೆ ಕೂತೆ. ಮೂವತ್ತನಾಲ್ಕರಲ್ಲಿ ಬೆವರಿತು. ಮೂವತ್ತಾರಕ್ಕೆ ತಿಳಿಯಾಯಿತು. ಆಗ ಬಟ್ಟಲಿನತ್ತ ನೋಡಿದೆ. ಅದರ ಅಂಚಿನಲ್ಲಿ ಅಮ್ಮನ ಸೂಜಿ ಪುಡಿ ಇನ್ನೂ ಹೊಳೆಯುತ್ತಿತ್ತು. ತೊಳೆಯುವುದನ್ನು ಮರೆತಿದ್ದೆ.

"ಮೇಷ್ಟ್ರೇ, ಮೂವತ್ತಾರು" ಅಂದೆ.

"ಮೂವತ್ತಾರೇನು, ನಿನ್ನ ವಯಸ್ಸಾ?"

ಹೇಳಿದೆ. ಬಟ್ಟಲಿನ ವಿಷಯ ಕೇಳಿದ ಕೂಡಲೇ ಅವರು ಕೋಲು ಕುಟ್ಟಿದರು. "ಕೊಳೆ ಸೇರಿದ್ರೆ ಡಿಗ್ರಿ ಬೀಳುತ್ತೆ ಅಂತ ಮೊದಲನೇ ದಿನಾನೇ ಹೇಳ್ಕೊಟ್ಟಿದೀನಿ. ಬೆರಕೆ ಪುಡಿ ಯಾವತ್ತೂ ಬೇಗ ಕರಗುತ್ತೆ. ಅದು ತಪ್ಪು ಅಳತೆ. ಚೆಲ್ಲಿ, ತೊಳೆದು, ಹೊಸದಾಗಿ ಮಾಡು."

"ಮೇಷ್ಟ್ರೇ, ಇದರಲ್ಲಿ ಕೊಳೆ ಯಾವುದು? ನಮ್ಮಮ್ಮಂದಾ, ದೊಡ್ಡಮ್ಮಂದಾ?"

ನಾನು ಮೂರನೆಯ ನಳಿಕೆ ತುಂಬಿ, ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿಸಿದೆ. "ಹಿಡ್ಕೊಂಡು ಕೂತ್ಕೊಳಿ." ಮಗುವಿನ ಹಾಗೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಮುಷ್ಟಿ ಬಿಚ್ಚಿಸಿ ನಳಿಕೆಯನ್ನು ಅವರ ಕಣ್ಣಿನ ಹತ್ತಿರ ಹಿಡಿದೆ, ವಾಲಿಸಿದೆ. ಒಳಗಿನ ಹನಿ ಆ ತುದಿಯಿಂದ ಈ ತುದಿಗೆ ಜಾರಿತು. ಪೊರೆ ಬಂದ ಕಣ್ಣಿಗೂ ಅದು ಕಂಡಿರಬೇಕು.

"ನಲವತ್ತು ವರ್ಷ," ಅಂದರು ಮೇಷ್ಟರು, ನಿಧಾನವಾಗಿ. "ನಲವತ್ತು ವರ್ಷ ಈ ಬಟ್ಟಲು ತೊಳೆಸಿದೀನಲ್ಲೇ."

ಬುಧವಾರ ಎರಡೂ ಕಿಟಕಿ ಹತ್ತಿ ಇಳಿದೆ. ಬೆರೆಸಿದ ಪುಡಿಯಾದರೆ ಯಾರ ಕೈಯ ಬಿಸಿಗೂ ಕರಗುತ್ತದೆ. ಹೊಸ್ತಿಲಲ್ಲಿ ನಿಂತ ಬಿಗಿಗೆ ಅವರ ಕೈಯೇ ಆಗಬೇಕು. ಹಲಗೆ ತೆಗೆಯೋಣ, ಎರಡೂ ತಾಕಲಿ, ನೀವಿಬ್ಬರೂ ಕೈ ಇಟ್ಟರೆ ಸಾಕು, ಬೆಂಕಿಯೇ ಬೇಡ ಎಂದು ಹೇಳಿದೆ. ಅಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. "ತಲೆ ಕೆಟ್ಟಿದೆಯಾ ನಿಂಗೆ? ನಾಲಿಗೆ ಕಲ್ಲಾಗ್ಲಿ ಅಂತಲಾ?" ದೊಡ್ಡಮ್ಮ ಗೋಣಿಯ ಬಾಯಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮಮ್ಮನ್ನ ಕೇಳು. ಅವಳಿಗೆ ಗೊತ್ತಿರುತ್ತೆ ಏನು ಮಾಡ್ಬೇಕು ಅಂತ." ಒಂಬತ್ತು ವರ್ಷವಾದರೂ ಆ ಮಾತಿನ ಒಂದು ಅಕ್ಷರವೂ ಸವೆದಿರಲಿಲ್ಲ.

ಹಿತ್ತಿಲ ಕಡೆಯಿಂದ ಬಂದು ಅಜ್ಜಿಯ ಮಂಚದ ಮೇಲೆ ಕೂತೆ. "ಅಜ್ಜಿ, ನಿಜ ಹೇಳು. ಎರಡನ್ನೂ ಮುಟ್ಟಿ ನಾಲಿಗೆ ಕಲ್ಲಾದೋರನ್ನ ನೀನು ನೋಡಿದೀಯಾ?"

ಅಜ್ಜಿ ಎಲೆಗೆ ಸುಣ್ಣ ಸವರಿದಳು. "ನಂಗೆ ನಮ್ಮಜ್ಜಿ ಹೇಳಿದ್ದು. ಅವಳಿಗೆ ಅವಳಜ್ಜಿ. ಯಾರೂ ಮುಟ್ಟಿ ನೋಡಿದ್ದು ನಾನಂತೂ ಕೇಳಿಲ್ಲ ಕಣೇ ಪಂಕಜ. ಕಥೆ ಚೆನ್ನಾಗಿತ್ತು, ಹೇಳ್ಕೊಂಡು ಬಂದೆ."

ಗುರುವಾರ ಬಿಸಿಲು ಓಣಿಗೆ ಬೀಳುವ ಹೊತ್ತಿಗೆ ದ್ಯಾವಣ್ಣನ ಇಟ್ಟಿಗೆ ಗಾಡಿ ಬೀದಿಯಲ್ಲಿ ನಿಂತಿತ್ತು, ಇಳಿಸಿದ ಒಂದಷ್ಟು ಇಟ್ಟಿಗೆ ಓಣಿಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಪಂಚಾಯ್ತಿಯವರಿದ್ದರು, ನೋಡಲು ಬಂದ ಅರ್ಧ ಬೀದಿಯಿತ್ತು, ಮೇಷ್ಟರು ಕೋಲೂರಿಕೊಂಡು ಬಂದಿದ್ದರು. ನಾನು ಓಣಿಗೆ ಏಣಿ ಹಾಕಿ ಹತ್ತಿದೆ. ಕೆಳಗಿನ ಎರಡು ಹಲಗೆಗಳನ್ನು ಬಿಗಿ ಹಿಂಡಿ ಹಿಡಿದಿತ್ತು. ಮೇಲಿನದು ಹೋದ ವರ್ಷ ಇಟ್ಟದ್ದು, ಇನ್ನೂ ಅಲುಗಾಡುತ್ತಿತ್ತು. ಎರಡು ಕೈಯಲ್ಲಿ ಹಿಡಿದು ಕಿತ್ತು ಕೆಳಕ್ಕೆ ಎಸೆದೆ.

"ಏಯ್ ಹುಡುಗಿ!" ಎಂದು ಪಂಚಾಯ್ತಿಯವರು ಕೂಗಿದರು. ಅರ್ಧ ಬೀದಿ ಹಿಂದಕ್ಕೆ ಸರಿಯಿತು. ಬೆಟ್ಟ ಏಳುತ್ತದೆಂದು ದ್ಯಾವಣ್ಣ ಎತ್ತುಗಳ ಹಗ್ಗ ಹಿಡಿದುಕೊಂಡ. ಹಲಗೆ ಇದ್ದ ಸಂದಿನಲ್ಲಿ ಎರಡು ಬೆರಳಷ್ಟು ಖಾಲಿ ಜಾಗವಿತ್ತು. ಎರಡು ಬಿಗಿಗಳನ್ನೂ ಕೆರೆದು ಬೆರೆಸಿ ತಂದಿದ್ದ ಪುಡಿಯನ್ನು ಆ ಸಂದಿಗೆ ತುಂಬಿದೆ. ಆಮೇಲೆ ಎಡಗೈಯನ್ನು ಅಮ್ಮನ ಬಿಗಿಯ ಮೇಲೆ, ಬಲಗೈಯನ್ನು ದೊಡ್ಡಮ್ಮನ ಬಿಗಿಯ ಮೇಲೆ ಇಟ್ಟೆ.

ಏನೂ ಆಗಲಿಲ್ಲ. ಪುಡಿ ಮಾತ್ರ ಒದ್ದೆಯಾಯಿತು. ಕೈ ಕೆಳಗಿನ ಎರಡೂ ತಣ್ಣಗೆ ಕೂತಿದ್ದವು. ನಾನು ಇಬ್ಬರ ಮಗಳೂ ಅಲ್ಲವೇ, ನನ್ನ ಕೈಗಾದರೂ ಕೇಳೀತು ಅನ್ನುವ ಆಸೆಯೊಂದಿತ್ತು, ಅದು ಇಳಿದುಹೋಯಿತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು. ಮಾತು ಹೊರಡಲಿಲ್ಲ. ಕೆಳಗಿನಿಂದ ಯಾರೋ ಹೆಂಗಸು, "ಅಯ್ಯೋ, ಮಗೀಗೆ ಮಾತು ನಿಂತೋಯ್ತು!" ಎಂದು ಕಿರುಚಿದಳು.

ಅದನ್ನು ಕೇಳಿ ಅಮ್ಮ ಕಿಟಕಿಯಿಂದ ಹಾರಿದಳು. ಎಡಗಾಲಿಲ್ಲ, ನೆರಿಗೆಯಿಲ್ಲ, ಹದವಿಲ್ಲ. ಆಚೆ ಕಿಟಕಿಯಿಂದ ದೊಡ್ಡಮ್ಮನೂ ಹಾರಿದಳು. ಅಮ್ಮ ಏಣಿಯ ಈ ಮಗ್ಗುಲಿನಿಂದ, ದೊಡ್ಡಮ್ಮ ಇಟ್ಟಿಗೆಯ ಗುಡ್ಡೆ ಹತ್ತಿ ಆ ಮಗ್ಗುಲಿನಿಂದ. "ತೆಗಿಯೇ ಕೈ! ತೆಗಿಯೇ ಪಂಕಜಿ!" ಎಂದು ಅಮ್ಮ ನನ್ನ ಎಡಗೈ ಹಿಡಿದೆಳೆದಳು. ನಾನು ಬಿಡಲಿಲ್ಲ. ದೊಡ್ಡಮ್ಮ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಎಳೆಯುವುದಕ್ಕೆ ಊರಲು ಆಸರೆ ಬೇಕಲ್ಲ. ಅಮ್ಮ ಇನ್ನೊಂದು ಕೈಯನ್ನು ಬಿಗಿಯ ಮೇಲೆ ಊರಿದಳು. ದೊಡ್ಡಮ್ಮನೂ ಊರಿದಳು.

ಮೊದಲು ನನ್ನ ಅಂಗೈಗೆ ಬೆವರಿದ ಹಾಗಾಯಿತು. ಆ ಗಳಿಗೆ ನನಗೆ ಗೊತ್ತು. ಸಾವಿರ ಸಲ ಭೂತಗನ್ನಡಿಯಲ್ಲಿ ನೋಡಿದ್ದೇನೆ. ಸೂಜಿಗಳು ಒಂದರ ಮೇಲೊಂದು ಮಲಗಿದವು, ಹಳಕುಗಳ ಅಂಚು ಮೊಂಡಾಯಿತು, ನಡುವಿನ ಸಂದಿಯಲ್ಲಿ ತಿಳಿಯಾದ ಒಂದು ಗೆರೆ ಹುಟ್ಟಿ ಕೆಳಗಿಳಿಯಿತು. ಇಳಿದಲ್ಲೆಲ್ಲ ಎರಡೂ ಕಡೆಯನ್ನು ತಾಕಿ ಕರಗಿಸುತ್ತಾ ಹೋಯಿತು. ಎರಡನೆಯ ಹಲಗೆ ತಾನೇ ವಾಲಿತು. ಮೂರನೆಯದು ತೇಲಿಕೊಂಡು ಬೀದಿಗೆ ಬಂದು ದ್ಯಾವಣ್ಣನ ಕಾಲಿಗೆ ಬಡಿಯಿತು. ಒಂಬತ್ತು ವರ್ಷ ಆಳೆತ್ತರ ನಿಂತದ್ದು ಮಂಡಿಯೆತ್ತರವಾಗಿ, ಪಾದದೆತ್ತರವಾಗಿ, ಬಿಸಿಲಿನಲ್ಲಿ ಥಳಥಳ ಹೊಳೆಯುತ್ತಾ ಚರಂಡಿಗೆ ಹರಿಯಿತು. ನಾವು ಮೂವರೂ ಏಣಿಯ ಸಮೇತ ಅದರೊಳಗೆ ಕೂತುಬಿಟ್ಟೆವು.

ಮೊದಲ ಮಾತು ದೊಡ್ಡಮ್ಮನದು. ನನ್ನ ಮಣಿಕಟ್ಟನ್ನು ಇನ್ನೂ ಹಿಡಿದಿದ್ದಳು. "ಗೌರಿ, ಇದೇನೇ ಇದು, ಕೈ ಕಡ್ಡಿ ಆಗಿದೆಯಲ್ಲೇ. ಹೊಟ್ಟೆಗೆ ಏನು ಹಾಕ್ತಿದೀಯೇ ಮಗೀಗೆ?"

ಅಮ್ಮನಿಗೆ ಅಳು ಉಕ್ಕಿತು. "ಅಕ್ಕ, ಆವತ್ತು ನಾನು ಅಂದದ್ದು..."

"ಬಿಡು. ಒಂಬತ್ತು ವರ್ಷ ಬಾಗಿಲಲ್ಲಿ ಇಟ್ಕೊಂಡು ದಿನಾ ನೋಡಿದೀನಿ ಅದನ್ನ."

"ಬಿಡಲ್ಲಕ್ಕ, ಹೇಳ್ತೀನಿ. ನಂಗೆ ಏನೂ ಗೊತ್ತಿರ್ಲಿಲ್ಲ ಆವತ್ತು. ಭಯ ಆಗಿತ್ತು. ನಿನ್ನ ತೊಡೆ ಮೇಲೆ ಮಲಗಿದ್ರೆ ಇವಳು ನನ್ನ ಕಡೆ ತಿರುಗೀನೂ ನೋಡ್ತಿರ್ಲಿಲ್ಲ. ಅದಕ್ಕೇ ಅಂದೆ."

ದೊಡ್ಡಮ್ಮ ತನ್ನ ಸೆರಗು ಹಿಂಡಿ ಅಮ್ಮನ ಮುಖ ಒರೆಸಿದಳು. ಅವಳ ಸೆರಗೂ ಒದ್ದೆ, ಇವಳ ಮುಖವೂ ಒದ್ದೆ, ಏನು ಒರೆಸಿದಂತಾಯಿತೋ.

ದ್ಯಾವಣ್ಣ ಗಂಟಲು ಸರಿಮಾಡಿಕೊಂಡು, "ಹಂಗಾದ್ರೆ ಇಟ್ಟಿಗೆ..." ಅಂದ.

"ಇಟ್ಟಿಗೆ ತಗೊಂಡು" ಎಂದು ಅಮ್ಮ ಶುರುಮಾಡಿದಳು, "ಬಂದ ದಾರೀಲೇ ಹೋಗು" ಎಂದು ದೊಡ್ಡಮ್ಮ ಮುಗಿಸಿದಳು. "ಎತ್ತು ನೋಡು, ಹೂವಿನ ಗಿಡ ಮೇಯ್ತಾ ಇದೆ," "ದಾರ ಹಿಡ್ಕೊಂಡು ಬಂದ್ಬಿಟ್ಟ ದೊಡ್ಡ ಮನುಷ್ಯ," "ನಮ್ಮತ್ತೇನ ಯಾವ ದಿಕ್ಕಿಗೆ ಹಾಕ್ತಿದ್ಯೋ," "ಕೇಳ್ತೀವಿ ಹೇಳೋ!" ಒಬ್ಬಳ ಬಾಯಿಂದ ಇನ್ನೊಬ್ಬಳು ಮಾತು ಕಿತ್ತುಕೊಂಡು ಬೈದರು. ದ್ಯಾವಣ್ಣ ನಗುತ್ತಾ ಎತ್ತು ತಿರುಗಿಸಿದ. ಬೀದಿಗೆ ಬೀದಿಯೇ ನಕ್ಕಿತು. ಓಣಿಯ ಕೊನೆಯಿಂದ ಅಜ್ಜಿ ಮಾತ್ರ, "ಜೋರಾಗಿ ಬೈರೇ, ನಂಗೆ ಕೇಳಿಸ್ತಿಲ್ಲ" ಎಂದಳು.

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹರಡಿತು. ಸಂಜೆಗೆ ಏಳು ಮನೆಯ ಹಲಗೆಗಳು ಬೀದಿಯಲ್ಲಿ ಬಿದ್ದಿದ್ದವು. ಎಲ್ಲವೂ ಅಂಗೈ ಬಿಸಿಗೆ ಕರಗುತ್ತವೆ ಅಂತಲ್ಲ. ಗಾಣದ ಬೀದಿಯ ಅಣ್ಣತಮ್ಮಂದಿರ ಪುಡಿ ಬೆರೆಸಿದರೆ ಅರವತ್ತಕ್ಕೆ ಇಳಿಯಿತು, ಅವರಿಗೆ ಇಬ್ಬರೂ ಕೂಡಿ ಹಂಡೆ ಎತ್ತಬೇಕಾಯಿತು. ಮಾರನೆಯ ದಿನ ಅಳತೆ ಮನೆಯ ಮುಂದೆ ಜನ ಜೋಡಿಜೋಡಿಯಾಗಿ, ಒಬ್ಬರ ಮುಖ ಒಬ್ಬರು ನೋಡದೆ, ಪೊಟ್ಟಣ ಹಿಡಿದು ಸಾಲು ನಿಂತಿದ್ದರು. ಮೇಷ್ಟರು ಪುಸ್ತಕದಲ್ಲಿ "ಕರಗದು" ಎಂದು ನಾನು ಬರೆದಿದ್ದ ಸಾಲನ್ನು ಹುಡುಕಿಸಿ, ನನ್ನ ಬೆರಳು ಹಿಡಿದು ತೋರಿಸಿಕೊಂಡು, ತಮ್ಮ ಕೈಯಾರೆ ಅಡ್ಡಗೆರೆ ಎಳೆದರು. ಆಮೇಲೆ ಬಟ್ಟಲು ತೊಳೆಯುವ ನೀರಿನ ಕೊಡವನ್ನು ಎತ್ತಿ ಹಿತ್ತಿಲಿಗೆ ಹಾಕಿಸಿ, "ಕೂತ್ಕೋ, ಅರೆಯೋಕೆ ಶುರು ಮಾಡು" ಅಂದರು. ಕುರ್ಚಿ ಅವರದು. ನಾನು ಕೂತೆ.

ಹನ್ನೆರಡು ಗಂಟೆಗೆ ಸಾಲನ್ನು ಸೀಳಿಕೊಂಡು ಅಮ್ಮ ಬಂದಳು, ಕೈಯಲ್ಲಿ ಹುಳಿಯನ್ನದ ಡಬ್ಬಿ. ಅವಳ ಹಿಂದೆಯೇ ದೊಡ್ಡಮ್ಮ, ಕೈಯಲ್ಲಿ ಮೊಸರನ್ನದ ಡಬ್ಬಿ.

"ಮೊದಲು ಬಿಸಿಯದು ತಿನ್ನಬೇಕು" ಅಂದಳು ಅಮ್ಮ.

"ಬೆಳಗಿಂದ ದೀಪದ ಮುಂದೆ ಕೂತಿದೆ ಮಗು, ತಂಪಿನದು ತಿನ್ನಬೇಕು" ಅಂದಳು ದೊಡ್ಡಮ್ಮ.

"ನೀನು ಮೊದಲಿಂದ ಹಿಂಗೇ ಅಕ್ಕ."

"ನೀನೇನು ಕಮ್ಮೀನಾ?"

ಸಾಲಿನಲ್ಲಿದ್ದವರು ಹೆದರಿ ಹೊಸ್ತಿಲು ನೋಡಿದರು. ಹೊಸ್ತಿಲು ಬರಿದಾಗಿತ್ತು. ನಾನು ತಟ್ಟೆ ಎಳೆದುಕೊಂಡು, ಎರಡೂ ಡಬ್ಬಿ ಸುರಿದು, ಚೆನ್ನಾಗಿ ಕಲಸಿ, ಎಲ್ಲರೂ ನೋಡುತ್ತಿದ್ದಂತೆ ಮೊದಲ ತುತ್ತು ಬಾಯಿಗಿಟ್ಟೆ.